ಪ್ರಾರ್ಥನೆಯ ನಂತರದ ನಗು

ಅಂಗೈ ಉರಿಯುತ್ತಿರಲಿಲ್ಲ. ಉರಿದಿದ್ದರೆ ಒಳ್ಳೆಯದಿತ್ತು, ಹೊಡೆದ ಕೈಗೂ ಒಂದಿಷ್ಟು ಬಿತ್ತು ಅಂದುಕೊಂಡು ಸುಮ್ಮನಿರಬಹುದಿತ್ತು. ಶನಿವಾರ ಹತ್ತನೇ ಕ್ಲಾಸಿನ ಸ್ಪಂದನಾಳ ಕೆನ್ನೆಗೆ ಬಾರಿಸಿದ ಆ ಬಲಗೈ ಈಗ, ಸೋಮವಾರ ಬೆಳಿಗ್ಗೆ, ಮಳವಳ್ಳಿಯಿಂದ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ತಣ್ಣಗೆ ಕೂತಿತ್ತು. ಯೋಗಾನರಸಿಂಹ ಅದನ್ನು ತಿರುಗಿಸಿ ನೋಡಿದ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಬೆರಳ ಸಂದು ಒಡೆದ ಲೆಕ್ಕದ ಮೇಷ್ಟ್ರ ಕೈ, ಅಷ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಕೊತ್ತಂಬರಿ ಸೊಪ್ಪಿನ ಚೀಲವನ್ನು ಅವನ ತೊಡೆಗೆ ಒತ್ತಿ, ‘ವಸಿ ಆ ಕಡೀಕೆ ಸರ್ಕಳಿ ಸಾ’ ಅಂದಳು. ಸರಿಯಲು ಜಾಗವಿರಲಿಲ್ಲ. ಆದರೂ ಸರಿದ. ಈಚೆಗೆ ಅವನು ಎಲ್ಲರಿಗೂ ಸರಿದು ಜಾಗ ಕೊಡುತ್ತಿದ್ದ, ಸರಿದಷ್ಟೂ ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಕಂಡಕ್ಟರನ ಮೇಲೆ ಸಿಟ್ಟು, ಕೊತ್ತಂಬರಿ ಸೊಪ್ಪಿನ ಮೇಲೆ ಸಿಟ್ಟು, ಕಿಟಕಿಯಾಚೆ ಎಳೆ ಬಿಸಿಲಿಗೆ ಹೊಳೆಯುತ್ತ ನಿಂತ ಹಿಪ್ಪುನೇರಳೆ ತೋಟಗಳ ಮೇಲೂ ಸಿಟ್ಟು. ಅವಕ್ಕೇನು, ನಿಂತಿರುವುದೊಂದೇ ಕೆಲಸ. ನಿನ್ನೆ ಸಂಜೆ ಹೆಡ್‌ಮಾಸ್ಟರ್ ಮಧುಕರ ಫೋನು ಮಾಡಿದ್ದ. ‘ನರಸಿಂಹ ಸರ್, ಆ ಹುಡುಗಿ ತಂದೆ ತಾಯಿ ನಾಳೆ ಬರ್ತಿದ್ದಾರೆ. ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀವಿ ಅಂತ ಕೂತಿದ್ದರು, ನಾನು ಹೇಗೋ ತಡೆದಿದ್ದೀನಿ. ಕೊಟ್ಟರೆ ನಿಮ್ಮನ್ನ ಸಸ್ಪೆಂಡ್ ಮಾಡದೆ ಬೇರೆ ದಾರಿ ಇರಲ್ಲ, ನಿಮಗೇ ಗೊತ್ತು. ನೀವು ಸ್ವಲ್ಪ ನಗುನಗುತ್ತಾ ಮಾತಾಡಿಬಿಡಿ ಸರ್, ಅಷ್ಟು ಸಾಕು.’ ನಗುನಗುತ್ತಾ! ಫೋನಿಟ್ಟ ಮೇಲೆ ಆ ಮಾತನ್ನು ಹಿಡಿದು ಗೋಡೆಗೆ ಬಡಿಯಬೇಕು ಅನ್ನಿಸಿತ್ತು.

ಯಾಕೆಂದರೆ ಎಲ್ಲ ಶುರುವಾದದ್ದೇ ನಗುವಿನಿಂದ. ಮಧುಕರ ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಪರೀಕ್ಷೆ ಬರೆದು ನೇರವಾಗಿ ಹೆಡ್‌ಮಾಸ್ಟರಾಗಿ ಬಂದವನು. ಬಂದ ದಿನವೇ ಬಗ್ಗಿ ಯೋಗಾನರಸಿಂಹನ ಕಾಲು ಮುಟ್ಟಿ, ‘ನೀವು ನಮಗೆಲ್ಲ ಹಿರಿಯರು’ ಅಂದಿದ್ದ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಮಂಡ್ಯದಲ್ಲಿ ನಡೆದ ಯಾವುದೋ ತರಬೇತಿ ಮುಗಿಸಿಕೊಂಡು ಬಂದವನು ಕಣ್ಣರಳಿಸಿಕೊಂಡು ಸ್ಟಾಫ್‌ರೂಮಿಗೆ ನುಗ್ಗಿ, ಶಿಕ್ಷಕರು ನೆಮ್ಮದಿಯಾಗಿದ್ದರೆ ತಾನೇ ಶಾಲೆ ನೆಮ್ಮದಿಯಾಗಿರೋದು, ನಾವೊಂದು ಹೊಸ ಪ್ರಯೋಗ ಮಾಡೋಣ, ಸಾಮಾನು ಬೇಡ, ಕಟ್ಟಡ ಬೇಡ, ದಿನಾ ಪ್ರಾರ್ಥನೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ದುಂಡಗೆ ನಿಂತು ಹತ್ತು ನಿಮಿಷ ಎಲ್ಲರೂ ನಗೋಣ ಅಂದ. ಯಾಕೆ ಅಂತ ಯಾರೂ ಕೇಳಲಿಲ್ಲ. ಹಿಂದಿನ ವರ್ಷ ಇಂಗ್ಲಿಷ್ ಮೇಷ್ಟ್ರು ವಿಷ್ಣು ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತದ್ದು ಎಲ್ಲರಿಗೂ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುವುದೂ ಎಲ್ಲರಿಗೂ ಗೊತ್ತಿತ್ತು. ಆಮೇಲೆ ರಜೆ ಹಾಕಿ ಹೋದ ವಿಷ್ಣು ತಿರುಗಿ ಬರಲಿಲ್ಲ. ಆವತ್ತು ಲ್ಯಾಬಿನ ಹೊರಗೆ ನಿಂತಿದ್ದವನು ಯೋಗಾನರಸಿಂಹನೇ. ಒಳಗಿನ ಸದ್ದು ಕೇಳಿ ಕದ ತಟ್ಟಲು ಕೈ ಎತ್ತಿಯೂ ಇದ್ದ. ಅಷ್ಟರಲ್ಲಿ ಬೆಲ್ಲಾಯಿತು. ಕೈ ಇಳಿಸಿ ಒಂಬತ್ತನೇ ಕ್ಲಾಸಿಗೆ ಹೋಗಿ ಪಾಠ ಮಾಡಿದ. ಪಾಠ ಚೆನ್ನಾಗಿಯೇ ಆಯಿತು.

ಮೊದಲ ದಿನ ಡ್ರಿಲ್ ಮೇಷ್ಟ್ರು ಮರಿಸಿದ್ದಯ್ಯ ಸೀಟಿ ಊದಿ, ‘ಕೈ ಮೇಲಕ್ಕೆ, ಉಸ್ರು ಒಳೀಕೆ, ಈಗ ಬುಡಿ ಸಾ, ಹೊ ಹೊ ಹೊ ಹಾ ಹಾ ಹಾ’ ಅಂದಾಗ ಹಿಂದಿ ಟೀಚರು ವೀಣ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಜವಾಗಿಯೇ ನಕ್ಕುಬಿಟ್ಟರು. ಒಬ್ಬರನ್ನು ನೋಡಿ ಒಬ್ಬರಿಗೆ ನಗು ಹತ್ತಿತು. ಯೋಗಾನರಸಿಂಹನಿಗೆ ಹತ್ತಲಿಲ್ಲ. ಕೈ ಎತ್ತಿದ, ಉಸಿರು ಎಳೆದ, ಬಿಟ್ಟ. ಗಂಟಲಿನಿಂದ ಹೆಕ್ ಹೆಕ್ ಹೆಕ್ಕೆಂದು ಒಂದು ಸದ್ದು ಬಂತು, ನೀರು ಬತ್ತಿದ ಮೇಲೂ ಯಾರೋ ಕೈಪಂಪು ಒತ್ತುತ್ತಿರುವ ಹಾಗೆ. ಅದು ತನ್ನದೇ ಸದ್ದೆಂದು ಗೊತ್ತಾಗಲು ಅವನಿಗೂ ಒಂದು ಗಳಿಗೆ ಬೇಕಾಯಿತು. ಮಧುಕರ ಮೊಬೈಲಿನಲ್ಲಿ ಫೋಟೋ ತೆಗೆದ. ‘ಸೂಪರ್ ಸರ್, ನೀವು ನಗೋದು ಇವತ್ತೇ ನೋಡಿದ್ದು.’ ಅದು ನಿಜ. ಹಿಂದೆ ಕೊತ್ತತ್ತಿಯ ಶಾಲೆಯಲ್ಲಿದ್ದಾಗ, ಆಮೇಲೆ ದುದ್ದದಲ್ಲಿದ್ದಾಗ, ಅವನ ಚಪ್ಪಲಿ ಸದ್ದು ವರಾಂಡದ ಆ ತುದಿಯಲ್ಲಿ ಕೇಳಿದರೆ ಈ ತುದಿಯ ಕ್ಲಾಸು ತೆಪ್ಪಗಾಗುತ್ತಿತ್ತು. ಬೆತ್ತ ಹಿಡಿದವನಲ್ಲ, ಬೈದವನೂ ಅಲ್ಲ. ನಗದ ಮುಖ, ಅಷ್ಟೆ. ಆ ಮುಖವೊಂದನ್ನೇ ಇಟ್ಟುಕೊಂಡು ಅವನು ಮೂವತ್ತು ವರ್ಷ ಸಂಸಾರ ನಡೆಸಿದ್ದ. ಅದರ ಹಿಂದೆ ಇದ್ದದ್ದು ಬರೀ ಹೆದರಿಕೆ ಎಂಬುದು ಯಾವ ಊರಿನ ಮಕ್ಕಳಿಗೂ ಗೊತ್ತಾಗಿರಲಿಲ್ಲ, ಈ ಊರಿನಲ್ಲಿ ಗೊತ್ತಾಯಿತು. ಒಂಬತ್ತು ಗಂಟೆಯ ಬಿಸಿಲಲ್ಲಿ ಕೈ ಎರಡೂ ಮೇಲೆತ್ತಿ ಹೆಕ್ ಹೆಕ್ಕೆಂದು ನಿಂತ ಮೇಷ್ಟ್ರನ್ನು ಕ್ಲಾಸಿನ ಕಿಟಕಿಗಳು ದಿನಾ ನೋಡುತ್ತಿದ್ದವು.

ಬಚ್ಚಲಮನೆಯಲ್ಲಿ ಅಭ್ಯಾಸ ಮಾಡಿದ್ದೂ ಉಂಟು. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಅಷ್ಟು ಕೆಟ್ಟದಾಗಿ ಕೇಳಿಸದಿದ್ದರೆ ಸಾಕು ಅಂದುಕೊಂಡು, ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟು, ಆ ಸದ್ದಿನ ಮರೆಯಲ್ಲಿ ಹೊ ಹೊ ಅಂದ, ಹಾ ಹಾ ಅಂದ. ಹೆಂಡತಿ ಪಂಕಜಮ್ಮ ಕದ ಬಡಿದು, ‘ಏನ್ರೀ ಅದು, ವಾಂತಿ ಆಗ್ತಿದೆಯಾ? ರಾತ್ರಿ ಮಜ್ಜಿಗೆಹುಳಿ ಬೇಡ ಅಂದೆ, ಕೇಳಿದ್ರಾ’ ಅಂದಳು. ಹೌದು, ವಾಂತಿ ಅಂದ. ಅವಳು ಜೀರಿಗೆ ಕುದಿಸಿ ಕೊಟ್ಟಳು, ಕುಡಿದ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ಹೆಂಗಸಿಗೆ ತನ್ನ ನಗು ವಾಂತಿಯ ಹಾಗೆ ಕೇಳಿಸಿತಲ್ಲ ಅನ್ನುವುದಕ್ಕಿಂತ, ಅವಳು ತಪ್ಪು ತಿಳಿದಿಲ್ಲ ಅನ್ನುವುದೇ ಅವನನ್ನು ಕೆಣಕಿತು. ಬಿಟ್ಟುಬಿಡಬಹುದಿತ್ತು. ‘ಮಧುಕರ್, ನನ್ನ ಕೈಲಿ ಆಗಲ್ಲ’ ಅಂತ ಒಂದು ಮಾತು. ಹಿರಿಯರು ಅಂತ ಕಾಲು ಮುಟ್ಟಿದವನು ಬಿಡುತ್ತಿರಲಿಲ್ಲವೇ? ಆದರೆ ಯಾರು ದುಂಡಗೆ ನಿಲ್ಲುವುದಿಲ್ಲವೋ ಅವರಿಗೇ ಏನೋ ಆಗಿದೆ, ಅವರೇ ಮುಂದಿನ ವಿಷ್ಣು ಎಂದು ಸ್ಟಾಫ್‌ರೂಮು ಮಾತಾಡಿಕೊಳ್ಳುತ್ತಿತ್ತು. ಅದಕ್ಕಿಂತ ಹೆಕ್ ಹೆಕ್ ಅನ್ನುವುದೇ ವಾಸಿ ಅಂದುಕೊಂಡ. ಅಷ್ಟರಲ್ಲಿ ಮಧುಕರನ ಫೋಟೋಗಳು ಮೇಲಿನವರ ಮೊಬೈಲುಗಳನ್ನೆಲ್ಲ ಸುತ್ತಿ, ಬರುವ ಗುರುವಾರ ಮಂಡ್ಯದಲ್ಲಿ ಈ ಪ್ರಯೋಗವನ್ನು ಇಡೀ ಜಿಲ್ಲೆಯ ಹೆಡ್‌ಮಾಸ್ಟರುಗಳ ಮುಂದೆ ವಿವರಿಸಿ ಹೇಳುವಂತೆ ಮಧುಕರನಿಗೆ ಕರೆಯೂ ಬಂದಿತ್ತು.

ಬಸ್ಸು ಪೂರಿಗಾಲಿಯಲ್ಲಿ ನಿಂತು ಹೊರಟಿತು. ಕೊತ್ತಂಬರಿ ಹೆಂಗಸು ಇಳಿದಳು. ಜಾಗ ಸಿಕ್ಕಿದರೂ ಯೋಗಾನರಸಿಂಹ ಮುದುಡಿಕೊಂಡೇ ಕೂತಿದ್ದ. ನಗುವ ಪ್ರಯೋಗ ಶುರುವಾದಂದಿನಿಂದ, ಬೋರ್ಡಿಗೆ ಮುಖ ಮಾಡಿದರೆ ಸಾಕು, ಹಿಂದಿನಿಂದ ಹೆಕ್ ಅನ್ನುತ್ತಿತ್ತು ಕ್ಲಾಸು. ತಿರುಗಿದರೆ ನಲವತ್ತು ಮುಖಗಳೂ ಪುಸ್ತಕದೊಳಗೆ. ಮತ್ತೆ ಬೋರ್ಡಿಗೆ ತಿರುಗಿದರೆ ಹೆಕ್ ಹೆಕ್. ಶನಿವಾರ ಅವನು ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದ. ಸದ್ದು ಬಂದದ್ದು ಹಿಂದಿನ ಬೆಂಚಿನಿಂದ. ಯಾರದೆಂದೂ ಗೊತ್ತು, ಪಂಚಾಯಿತಿ ಮೆಂಬರಿನ ಮಗ ಪುಟ್ಟರಾಜು, ಮೀಸೆ ಬಂದ ಹುಡುಗ, ಹೊಡೆಯಹೋದರೆ ಕೈ ಹಿಡಿದುಕೊಳ್ಳುವವನು. ಯೋಗಾನರಸಿಂಹ ತಿರುಗಿದಾಗ ತನ್ನ ಮುಂದೆಯೇ, ಮೊದಲ ಬೆಂಚಿನಲ್ಲಿ, ಸ್ಪಂದನಾ ಪೆನ್ನಿನ ತುದಿ ಕಚ್ಚಿಕೊಂಡು ಬಾಯಿ ಅರೆ ತೆರೆದು ಬೋರ್ಡು ನೋಡುತ್ತಿದ್ದಳು. ನಗುವಾಗ ಬಾಯಿ ತೆರೆಯುತ್ತದೆ, ಲೆಕ್ಕ ಹೊಳೆಯುವಾಗಲೂ ತೆರೆಯುತ್ತದೆ. ಅವೆರಡನ್ನೂ ಬಿಡಿಸಿ ನೋಡಲಾಗದಷ್ಟು ದಡ್ಡನಲ್ಲ ಅವನು; ಅವಳಿಗೆ ಲೆಕ್ಕ ಹೊಳೆಯುವ ಗಳಿಗೆಯನ್ನು ಎರಡು ವರ್ಷದಿಂದ ದಿನಾ ಕಾದುಕೊಂಡು ನೋಡಿದವನು. ಆ ಕ್ಲಾಸಿನಲ್ಲಿ ಅವನು ಯಾರಿಗಾದರೂ ಪಾಠ ಮಾಡುತ್ತಿದ್ದ ಅನ್ನುವುದಾದರೆ ಅವಳೊಬ್ಬಳಿಗೆ. ಕೈ ಹೋಗುತ್ತಿರುವಾಗಲೇ ಗೊತ್ತಿತ್ತು. ತಡೆಯುವಷ್ಟು ಹೊತ್ತೂ ಇತ್ತು. ಅವಳ ಕಣ್ಣು ಬೋರ್ಡಿನಿಂದ ಅವನ ಕೈಗೆ, ಕೈಯಿಂದ ಅವನ ಕಣ್ಣಿಗೆ ಬಂತು, ಅಷ್ಟು ಹೊತ್ತು. ಆಮೇಲೆ ಪಟಾರೆಂಬ ಸದ್ದು, ಆಮೇಲೆ ಕೊತ್ತತ್ತಿಯ ಕಾಲದ ನಿಶ್ಶಬ್ದ. ಆ ನಿಶ್ಶಬ್ದ ಅವನಿಗೆ ಹಾಯೆನಿಸಿತು. ಯಾರಿಗೂ ಹೇಳಲಾಗದ ಮಾತೆಂದರೆ ಅದೊಂದೇ. ಮಧ್ಯಾಹ್ನ ಮಧುಕರ ಕರೆಸಿ ಕೇಳಿದಾಗ, ‘ನನ್ನ ನಗೂನ ಅಣಕಿಸಿದಳು’ ಅಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಆ ಗಂಟಲಿನಿಂದ ಅಷ್ಟು ಸಲೀಸಾಗಿ ಇನ್ನೇನೂ ಈಚೆಗೆ ಬಂದಿರಲಿಲ್ಲ.

ಶಾಲೆಯ ಗೇಟು ದಾಟುವಾಗ ಅಡಿಗೆ ಕೋಣೆಯ ಬಾಗಿಲಲ್ಲಿ ಬಿಸಿಯೂಟದ ಮಲ್ಲಿಗಮ್ಮ ಸೊಪ್ಪು ಸೋಸುತ್ತಿದ್ದಳು. ದಿನಾ ‘ಬಂದ್ರಾ ಸಾ’ ಅನ್ನುತ್ತಿದ್ದವಳು ಇವತ್ತು ಅನ್ನಲಿಲ್ಲ. ಪ್ರಾರ್ಥನೆ ಮುಗಿಯಿತು, ಮಕ್ಕಳು ಸಾಲಾಗಿ ಒಳಗೆ ಹೋದರು, ಮೇಷ್ಟ್ರುಗಳು ಹೊಂಗೆ ಮರದ ಕಡೆ ಹೊರಟರು. ಇವತ್ತಾದರೂ ಇದನ್ನು ಬಿಡುತ್ತಾರೆಂದು ಯೋಗಾನರಸಿಂಹ ಅಂದುಕೊಂಡಿದ್ದ. ಮಧುಕರ ಅವನ ಭುಜದ ಮೇಲೆ ಕೈಯಿಟ್ಟು, ‘ಇವತ್ತೇ ಮುಖ್ಯ ಸರ್. ಟೆನ್ಷನ್ ಇರೋ ದಿನಾನೇ ನಗಬೇಕು. ಅವರು ಹತ್ತು ಗಂಟೆಗೆ ಬರೋದು, ಅಷ್ಟರಲ್ಲಿ ನಿಮ್ಮ ಮನಸ್ಸು ಹಗುರ ಆಗಿರುತ್ತೆ’ ಅಂದ. ಅವನ ಕಣ್ಣಲ್ಲಿ ಮೋಸವಿರಲಿಲ್ಲ. ಹೋಗಲಿ, ಒಂದಿಷ್ಟು ಮೋಸವಾದರೂ ಇರಬಾರದಿತ್ತೇ ಅನ್ನಿಸಿತು ಯೋಗಾನರಸಿಂಹನಿಗೆ. ಆಗ ಕೈ ಕೊಡವಿಕೊಂಡು ಹೋಗಬಹುದಿತ್ತು. ಮರಿಸಿದ್ದಯ್ಯ ಸೀಟಿ ಊದಿದ. ವೀಣ ಟೀಚರು ಅವನ ಪಕ್ಕದಲ್ಲಿ ನಿಲ್ಲುತ್ತಿದ್ದವರು ಇವತ್ತು ಆಚೆ ಕಡೆ ಹೋಗಿ ನಿಂತರು. ಅಡಿಗೆ ಕೋಣೆಯಿಂದ ಮಲ್ಲಿಗಮ್ಮನ ಗಂಟಲು ಕೇಳಿತು, ಯಾರಿಗೆ ಅಂತಿಲ್ಲದೆ: ‘ನಗಿ ನಗಿ. ಮಕ್ಕಳ ಒಡಿಯಾಕೂ ಸಕ್ತಿ ಬೇಕಲ್ಲ.’ ಕೈ ಮೇಲಕ್ಕೆ. ಉಸಿರು ಒಳಕ್ಕೆ. ಹೆಕ್, ಹೆಕ್, ಹೆಕ್. ಮೇಲೆ ಹೊಂಗೆಯ ಎಲೆಗಳ ಮಧ್ಯೆ ಕಾಗೆಯೊಂದು ಕತ್ತು ವಾರೆ ಮಾಡಿ ಅವನನ್ನೇ ನೋಡಿತು. ಅದನ್ನು ನೋಡಲಾರದೆ ಕಣ್ಣು ಇಳಿಸಿದರೆ, ಗೇಟಿನ ಹತ್ತಿರ ಮೂರು ಜನ ನಿಂತಿದ್ದರು. ಹೆಗಲ ಮೇಲೆ ಟವೆಲು ಹಾಕಿದ ಗಂಡಸು. ಹಸಿರು ಸೀರೆಯ ಹೆಂಗಸು. ನಡುವೆ ಯೂನಿಫಾರಮ್ಮು ಹಾಕಿಕೊಂಡು, ಎಡಗಿವಿಗೆ ಹತ್ತಿ ಇಟ್ಟುಕೊಂಡ ಸ್ಪಂದನಾ.

ಅವನ ಕೈಗಳು ಮೇಲೆಯೇ ಇದ್ದವು. ಇಳಿಸಬೇಕೆಂದರೆ ಇಳಿಯಲಿಲ್ಲ. ಬಾಯಿ ತಾನಾಗಿಯೇ ಇನ್ನೆರಡು ಸಲ ಹೆಕ್ ಹೆಕ್ ಅಂದಿತು, ಶುರು ಮಾಡಿದ ಕೆಲಸ ಮುಗಿಸುವ ಹಾಗೆ. ಹೆಂಗಸು ಗಂಡನಿಗೆ ಹೇಳಿದ್ದು ಇಲ್ಲಿಗೂ ಕೇಳಿತು. ಕೇಳಲೆಂದೇ ಹೇಳಿದ್ದು. ‘ನೋಡ್ದಾ? ನನ್ ಮಗೀನ ಕಿವಿ ಇನ್ನೂ ಗುಂಯ್ ಅಂತಾ ಅದೆ, ಇವ್ರು ಗುಂಪ್ ಕಟ್ಕಂಡು ನಗಾಡ್ತಾವ್ರೆ.’

ಸ್ಪಂದನಾಳ ತಂದೆ ಪುಟ್ಟಮಾದಯ್ಯ ರೇಷ್ಮೆ ಹುಳು ಸಾಕುವವನು. ಹುಳ ಎದ್ದು ಸೊಪ್ಪಿಗೆ ಬಾಯಿಬಿಡುವ ಹೊತ್ತಿನಲ್ಲಿ ಮನೆ ಬಿಟ್ಟು ಬಂದಿದ್ದರಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆದರೆ ಹೆಡ್‌ಮಾಸ್ಟರ ಕೋಣೆಗೆ ಬಂದವನೇ ಹೆಗಲ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ‘ಕೂತ್ಕೊಳ್ಳಿ ಪುಟ್ಟಮಾದಯ್ಯನೋರೇ, ಅಮ್ಮ ನೀವೂ’ ಎಂದು ಮಧುಕರ ಕುರ್ಚಿ ತೋರಿಸಿದರೆ, ‘ಬ್ಯಾಡಿ ಸಾ, ಮೇಸ್ಟ್ರು ನಿಂತವ್ರೆ’ ಅಂದ. ಯೋಗಾನರಸಿಂಹ ನಿಂತಿದ್ದದ್ದು ಬೇಗ ಹೊರಗೆ ಹೋಗಲಿಕ್ಕೆ. ಇವನು ಅದನ್ನು ದೊಡ್ಡಸ್ತಿಕೆ ಅಂದುಕೊಂಡಿದ್ದ. ಹೆಂಡತಿ ಭಾಗ್ಯಲಕ್ಷ್ಮಿ ಕುರ್ಚಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವಳು ಯೋಗಾನರಸಿಂಹನ ಕೈಯನ್ನೇ ನೋಡುತ್ತಿದ್ದಳು, ಇದೇ ಅಲ್ಲವಾ ಅದು ಅನ್ನುವ ಹಾಗೆ. ಅವನು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿದ. ಹಾಕಿದ ಮೇಲೆ, ಮಾತಾಡಲು ಬಂದವರ ಮುಂದೆ ಜೇಬಿನಲ್ಲಿ ಕೈಯಿಟ್ಟು ನಿಂತೆನಲ್ಲ ಎಂದು ಹೊರಗೆ ತೆಗೆದ. ತೆಗೆದ ಮೇಲೆ ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಮಧುಕರ ಚೆನ್ನಾಗಿಯೇ ಮಾತಾಡಿದ. ಆಸ್ಪತ್ರೆಯಲ್ಲಿ ಕಿವಿಯ ತಮಟೆ ಏನೂ ಹರಿದಿಲ್ಲ ಅಂದರಂತಲ್ಲ, ಅದೇ ದೊಡ್ಡ ಸಮಾಧಾನ ಅಂದ. ಮೇಷ್ಟ್ರುಗಳಿಗೂ ಮನಸ್ಸಿನ ಮೇಲೆ ಎಷ್ಟು ಭಾರವಿರುತ್ತದೆ, ಅದನ್ನು ಇಳಿಸಲೆಂದೇ ಈ ನಗುವಿನ ಪ್ರಯೋಗ, ನೀವು ಈಗ ಗೇಟಿನಲ್ಲಿ ನೋಡಿದ್ದು ಅದೇ, ತಪ್ಪು ತಿಳೀಬೇಡಿ ಅಂದ. ಹಿರಿಯರು ಮನಸ್ಸು ಬಿಚ್ಚಿ ನಗುವಾಗ ಮಕ್ಕಳು ಅದನ್ನು ಅಣಕಿಸಿದರೆ ಯಾರಿಗಾದರೂ ನೋವಾಗುತ್ತದೆ, ಸಾರ್ ಹೊಡೆದದ್ದು ತಪ್ಪೇ, ಆದರೆ ಕೈ ತಪ್ಪಿ ಆದದ್ದು ಅಂದ. ‘ಮಗು ಒಂದು ಸಲ ತಪ್ಪಾಯ್ತು ಅಂದುಬಿಡಲಿ, ಸರ್ ಆಶೀರ್ವಾದ ಮಾಡ್ತಾರೆ, ಇಲ್ಲಿಗೆ ಮುಗಿಸೋಣ. ಎಸ್ಸೆಸ್ಸೆಲ್ಸಿ ವರ್ಷ. ಠಾಣೆ ಅಂತ ಓಡಾಡಿದರೆ ಅವಳ ಓದೂ ಕೆಡುತ್ತೆ.’ ಹೇಳುತ್ತಾ ಹೇಳುತ್ತಾ ಅವನ ಕಣ್ಣು ಒಮ್ಮೆ ಗೋಡೆಯ ಕ್ಯಾಲೆಂಡರಿನ ಗುರುವಾರದ ಕಡೆ ಹೋಗಿ ಬಂತು. ಯೋಗಾನರಸಿಂಹ ಅದನ್ನು ಕಂಡ. ಇವನಿಗೂ ತನ್ನದೊಂದು ಲೆಕ್ಕವಿದೆಯಲ್ಲ ಎಂದು ಮೊಟ್ಟಮೊದಲ ಸಲ ಅವನ ಮೇಲೆ ಸ್ವಲ್ಪ ಪ್ರೀತಿ ಬಂತು.

‘ತಪ್ಪಾಯ್ತು ಸಾ’ ಅಂದುಬಿಟ್ಟಳು ಸ್ಪಂದನಾ. ಯಾರೂ ಇನ್ನೊಮ್ಮೆ ಹೇಳಬೇಕಾಗಲಿಲ್ಲ, ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಅಂದು, ಅವನ ಕಾಲ ಕಡೆ ಎರಡು ಹೆಜ್ಜೆ ಇಟ್ಟೂಬಿಟ್ಟಳು. ಅವಳಿಗೆ ಬೇಗ ಕ್ಲಾಸಿಗೆ ಹೋಗಬೇಕಿತ್ತು ಅಂತ ತೋರುತ್ತದೆ. ಯೋಗಾನರಸಿಂಹನ ಹೊಟ್ಟೆಯೊಳಗೆ ಬಿಸಿ ಕಾಫಿ ಇಳಿದ ಹಾಗೆ ಸುಖವೊಂದು ಇಳಿಯಿತು. ಮುಗಿಯಿತು. ಸಸ್ಪೆನ್ಷನ್ ಇಲ್ಲ, ಪಂಕಜಮ್ಮನಿಗೆ ಹೇಳುವುದೂ ಇಲ್ಲ. ನಿವೃತ್ತಿಯ ದಿನ ಶಾಲು ಹೊದೆಸುವಾಗ ಇದೇ ಮಧುಕರ, ಶಿಸ್ತಿನ ಸಿಪಾಯಿ ಅನ್ನುತ್ತಾನೆ. ತಾನು ಮಾಡದ ತಪ್ಪಿಗೆ ಬಗ್ಗುತ್ತಿರುವ ಆ ಎಣ್ಣೆ ಹಚ್ಚಿದ ಬೈತಲೆಯನ್ನು ನೋಡುತ್ತ ಅವನಿಗೆ ಇಷ್ಟೂ ಒಟ್ಟಿಗೆ ಹೊಳೆಯಿತು, ಸುಖವೂ ಆಯಿತು. ಎಂಥ ಮನುಷ್ಯನಯ್ಯಾ ನೀನು ಅಂದುಕೊಳ್ಳುವಷ್ಟರಲ್ಲಿ ಭಾಗ್ಯಲಕ್ಷ್ಮಿ ಮಗಳ ತೋಳು ಹಿಡಿದು ಹಿಂದಕ್ಕೆಳೆದಳು.

‘ನಿಂತ್ಕಳೇ. ಏನ್ ತಪ್ಪಾಯ್ತು? ಯೋಳು ನೋಡವಾ.’

ಹುಡುಗಿ ತೋಳು ಬಿಡಿಸಿಕೊಳ್ಳಲು ನೋಡಿದಳು.

‘ಎಲ್ಡ್ ದಿನದಿಂದ ಕೇಳ್ತಾ ಇವ್ನಿ ಸಾ, ಬಾಯೇ ಬುಡಾಕಿಲ್ಲ. ನೀವಾದ್ರೂ ಯೋಳಿ’ ಎಂದು ಅವಳು ಯೋಗಾನರಸಿಂಹನ ಕಡೆ ತಿರುಗಿದಳು. ‘ಅದೇನ್ ನಗೆ ನಕ್ಕಳು ನನ್ ಮಗ್ಳು? ಕೆನ್ನೆ ಮ್ಯಾಲೆ ಐದ್ ಬೆಳ್ಳು ಮೂಡೋ ಅಂತ ನಗೆ ಯಾವ್ದು ಅಂತ ನಾನೂ ವಸಿ ನೋಡ್ಬೇಕು. ಆಗ್ಲೇ ಮರದ್ ಕೆಳಗೆ ಎಲ್ರೂ ಒಟ್ಗೆ ಕಿರುಚ್ತಿದ್ರಿ, ನಿಮ್ದ್ಯಾವ್ದು ಅಂತ ಗೊತ್ತಾಗ್ನಿಲ್ಲ. ನಕ್ಕು ತೋರ್ಸಿ.’

‘ಅಮ್ಮ, ಅದೆಲ್ಲ ಯಾಕೆ’ ಅಂದ ಮಧುಕರ.

‘ಯಾಕೆ ಅಂದ್ರೆ? ಕಳ್ತನ ಅಂದ್ರೆ ಕದ್ದ ಮಾಲ್ ತೋರ್ಸಾಕಿಲ್ವಾ? ದಿನಾ ಬೆಳಗಾದ್ರೆ ನಗ್ತೀರಂತೆ, ನನ್ ಮುಂದೆ ಒಂದ್ಸಲ ನಕ್ರೆ ಏನ್ ಗಂಟೋಯ್ತದೆ? ನಿಜ್ವಾಗ್ಲೂ ಅಣಕ್ಸಿದ್ಲು ಅಂತ ನಂಗನ್ಸುದ್ರೆ ನಾನೇ ಇನ್ನೊಂದ್ ಕೆನ್ನೆಗ್ ಬುಟ್ಟು ಕರ್ಕಂಡೋಯ್ತೀನಿ. ಇಲ್ಲಾಂದ್ರೆ ಇಲ್ಲಿಂದ ಸೀದಾ ಮಳವಳ್ಳಿ ಟೇಸನ್ನು.’

‘ಲೇ, ಮೇಸ್ಟ್ರಿಗೆ ಅಂಗೆಲ್ಲ ಅನ್ಬಾರ್ದು ಕಣೇ’ ಅಂದ ಪುಟ್ಟಮಾದಯ್ಯ. ಆದರೆ ಅವನೂ ಕಾಯುತ್ತಿದ್ದ. ಕಂಕುಳ ಟವೆಲು ಅಲುಗಲಿಲ್ಲ.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಯೋಗಾನರಸಿಂಹ ಮಧುಕರನನ್ನು ನೋಡಿದ. ಮಧುಕರ ಕಣ್ಣಿನಲ್ಲೇ, ಒಂದು ಸಲ ಸರ್, ಒಂದೇ ಸಲ ಎಂದು ಬೇಡುತ್ತಿದ್ದ. ಮರದ ಕೆಳಗೆ ಹತ್ತು ಜನರ ನಡುವೆ ನಕ್ಕದ್ದು ಏನೂ ಅಲ್ಲ, ಅಲ್ಲಿ ಸೀಟಿಯಿತ್ತು, ಬೇರೆಯವರ ಸದ್ದಿತ್ತು. ಇಲ್ಲಿ ನಾಲ್ಕು ಜನ ಅವನ ಬಾಯನ್ನು ನೋಡುತ್ತಿದ್ದಾರೆ. ಇವರೆಲ್ಲ ಹೋಗಲಿ, ಸುಟ್ಟುಹೋಗಲಿ ಅನ್ನಿಸಿತು. ಈ ಹೆಂಗಸು, ಈ ಫ್ಯಾನು, ಟವೆಲಿನ ಈ ಮನುಷ್ಯ, ಈ ಹೊಸ ಪ್ರಯೋಗ, ಮಂಡ್ಯದ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟ ಆ ಯಾರೋ ಪುಣ್ಯಾತ್ಮ. ಕೈ ತಾನಾಗಿ ಮೇಲೆದ್ದಿತು. ಕೈಯೆತ್ತದೆ ನಗಲು ಅವನಿಗೆ ಬರುತ್ತಲೇ ಇರಲಿಲ್ಲ. ಎರಡೂ ಕೈ ಮೇಲಕ್ಕೆ, ಉಸಿರು ಒಳಕ್ಕೆ, ಕಣ್ಣು ಮುಚ್ಚಿ ಅವನು ನಕ್ಕ. ಸ್ವಲ್ಪ ಜೋರಾಗಿಯೇ ಬಂತು, ಎಂದಿಗಿಂತ ಜೋರಾಗಿ. ಹೆಕ್, ಹೆಕ್, ಹೆಕ್, ಹೆಕ್.

ಮೊದಲು ಪಕ್ಕದ ಎಂಟನೇ ಕ್ಲಾಸಿನಿಂದ ಒಂದು ಹೆಕ್ ಬಂತು, ಸಣ್ಣ ದನಿಯಲ್ಲಿ. ಅದರ ಹಿಂದೆ ನಾಲ್ಕಾರು. ಆಮೇಲೆ ವರಾಂಡದುದ್ದಕ್ಕೂ, ಒಂಬತ್ತನೇ ಕ್ಲಾಸು, ಹತ್ತನೇ ಕ್ಲಾಸಿನ ಎರಡೂ ಸೆಕ್ಷನ್ನು, ಹುಡುಗರ ಒಡೆದ ಗಂಟಲು, ಹುಡುಗಿಯರ ತೆಳು ಗಂಟಲು, ಹೆಕ್ ಹೆಕ್ ಹೆಕ್. ಎಲ್ಲರೂ ಅವನಿಗಿಂತ ಚೆನ್ನಾಗಿ ಅವನ ನಗು ನಗುತ್ತಿದ್ದರು. ಎಲ್ಲಿ ಉಸಿರು ತಡೆಯುತ್ತದೆ, ಎಲ್ಲಿ ಗಂಟಲು ಕೆರೆಯುತ್ತದೆ, ಒಂದೂ ತಪ್ಪದೆ. ಇಷ್ಟು ಮನಸ್ಸಿಟ್ಟು ಅವರು ಅವನಿಂದ ಬೇರೇನನ್ನೂ ಕಲಿತಿರಲಿಲ್ಲ. ಬೆಂಚುಗಳು ಬಡಿದವು. ಮರಿಸಿದ್ದಯ್ಯನ ಸೀಟಿ ಎರಡು ಸಲ ಕೂಗಿತು, ‘ಯಾವನ್ಲಾ ಅದು, ಬಾಯ್ ಮುಚ್ರಲಾ’ ಅಂತ ಅವನು ಓಡಾಡಿದ್ದು ಕೇಳಿತು. ಕ್ರಮೇಣ ಸದ್ದಡಗಿತು. ಯೋಗಾನರಸಿಂಹ ಕಣ್ಣು ಬಿಟ್ಟಾಗ ಭಾಗ್ಯಲಕ್ಷ್ಮಿ ಬಾಗಿಲ ಕಡೆ ಕಿವಿಯಿಟ್ಟು ನಿಂತಿದ್ದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

‘ಇಸ್ಕೂಲ್‌ಗ್ ಇಸ್ಕೂಲೇ ನಗ್ತಾ ಅದಲ್ಲ ಸಾ’ ಅಂದಳು ಮೆತ್ತಗೆ. ‘ಇಷ್ಟ್ ಜನ ನಗೋ ಕಡೆ ನನ್ ಮಗ್ಳು ಕೆನ್ನೆ ಒಂದೇ ಯಾಕ್ ಕಾಣ್ತು ನಿಮ್ಗೆ?’

ಅವನಿಗೆ ಉತ್ತರಗಳು ಗೊತ್ತಿದ್ದವು. ಅವಳೇ ಶುರು ಮಾಡಿದ್ದು ಅನ್ನಬಹುದು. ಬುದ್ಧಿವಂತೆ, ಅವಳೂ ಹಾಗೆ ಮಾಡಿದಳಲ್ಲ ಎಂದು ಹೆಚ್ಚು ನೋವಾಯಿತು ಅನ್ನಬಹುದು. ಅದನ್ನು ಕೇಳಿದರೆ ಪುಟ್ಟಮಾದಯ್ಯನ ಕಣ್ಣು ಒದ್ದೆಯಾದೀತು, ಹುಡುಗಿ ಮತ್ತೊಮ್ಮೆ ತಪ್ಪಾಯ್ತು ಅಂದಾಳು. ಮಧುಕರ ಅಂಥದ್ದೊಂದು ಮಾತಿಗೆ ಕಾಯುತ್ತ ಆಗಲೇ ತಲೆಯಾಡಿಸಲು ಶುರು ಮಾಡಿದ್ದ. ಆದರೆ ಮೇಲೆತ್ತಿದ ಕೈಗಳನ್ನು ಯೋಗಾನರಸಿಂಹ ಇನ್ನೂ ಪೂರ್ತಿ ಇಳಿಸಿರಲಿಲ್ಲ. ಇನ್ನು ಕಾಪಾಡಿಕೊಳ್ಳಲು ಯಾವ ಮುಖ ಉಳಿದಿದೆ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ.

‘ಹತ್ತಿರದಲ್ಲಿದ್ದಳು’ ಅಂದ.

‘ಏನು?’ ಅಂದಳು ಭಾಗ್ಯಲಕ್ಷ್ಮಿ.

‘ಕೈಗೆ ಹತ್ತಿರದಲ್ಲಿದ್ದಳು. ನಕ್ಕವನು ಹಿಂದಿನ ಬೆಂಚಿನಲ್ಲಿದ್ದ, ಅವನನ್ನ ಮುಟ್ಟೋಕೆ ನನಗೆ ಧೈರ್ಯ ಬರಲಿಲ್ಲ. ಇವಳು ನಗ್ತಿರಲಿಲ್ಲ. ಲೆಕ್ಕ ನೋಡ್ತಿದ್ದಳು.’ ಕೈಗಳನ್ನು ಪೂರ್ತಿ ಇಳಿಸಿದ. ‘ಅದು ನನಗೆ ಗೊತ್ತಿತ್ತು.’

‘ಸರ್’ ಅಂದ ಮಧುಕರ. ಟೇಬಲ್ಲಿನ ಮೇಲಿದ್ದ ಪೇಪರ್‌ವೇಟನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

ಯೋಗಾನರಸಿಂಹ ಹುಡುಗಿಯ ಕಡೆ ನೋಡಿದ. ಬೈಗುಳವಾದರೂ ಸರಿ, ಅಳುವಾದರೂ ಸರಿ, ಅವಳಿಂದ ಏನಾದರೂ ಬರಲಿ ಎಂದು ಅವನಿಗೆ ಆಸೆಯಾಯಿತು. ನಿಜ ಹೇಳಿದ್ದಕ್ಕೆ ಏನೋ ಸಿಗಬೇಕು ಅನ್ನುವ ಆಸೆ ಅಷ್ಟರಲ್ಲೇ ತಲೆಯೆತ್ತಿತ್ತು. ಸ್ಪಂದನಾ ಕಿವಿಯ ಹತ್ತಿಯನ್ನು ಬೆರಳಲ್ಲಿ ಒಳಕ್ಕೆ ಒತ್ತಿಕೊಂಡಳು.

‘ನಿಮ್ಗೆ ಗೊತ್ತಿತ್ತು ಅಂತ ನಂಗೂ ಗೊತ್ತು ಸಾ’ ಅಂದಳು. ‘ಒಡಿಯೋವಾಗ ನನ್ ಕಣ್ಣೇ ನೋಡ್ತಿದ್ರಿ.’ ಅಮ್ಮನ ಕಡೆ ತಿರುಗಿ, ‘ಅದ್ಕೇ ಬಾಯಿ ಬುಡ್ನಿಲ್ಲ ಕಣವ್ವ. ಮೇಸ್ಟ್ರು ಇಂತೋರು ಅಂತ ಯಂಗ್ ಯೋಳದು?’ ಅಂದಳು.

ಭಾಗ್ಯಲಕ್ಷ್ಮಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಗಂಡನ ಮುಖ ನೋಡಿದಳು. ಪುಟ್ಟಮಾದಯ್ಯ ಕಂಕುಳಲ್ಲಿದ್ದ ಟವೆಲನ್ನು ತೆಗೆದು, ಒಂದು ಸಲ ಕೊಡವಿ ಹೆಗಲಿಗೆ ಹಾಕಿಕೊಂಡ. ಹೆಡ್‌ಮಾಸ್ಟರ ಮುಂದಿದ್ದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಕೂತ. ಆತುರವೇನೂ ಇರಲಿಲ್ಲ, ಮನೆಯಲ್ಲಿ ಹುಳ ಎದ್ದಿದ್ದು ಅವನಿಗೆ ಮರೆತೇಹೋದಂತಿತ್ತು.

‘ಈಗ ಯೋಳಿ’ ಅಂದ. ಮೇಷ್ಟ್ರೇ ಅನ್ನಲಿಲ್ಲ. ‘ಮೊದ್ಲಿಂದ ಯೋಳಿ. ಟೇಸನ್ನಲ್ಲಿ ಯಂಗ್ ಯೋಳ್ಬೇಕೋ, ಅಂಗೇ ಯೋಳಿ.’

ಯೋಗಾನರಸಿಂಹನನ್ನು ಕೂತುಕೋ ಎಂದು ಯಾರೂ ಅನ್ನಲಿಲ್ಲ. ಅವನು ಕೈಕಟ್ಟಿ ನಿಂತುಕೊಂಡು ಹೇಳತೊಡಗಿದ.